ಟೆನ್ಶನ್ ಅನ್ನು ಯಾವ ಲೆಕ್ಕದಲ್ಲಿ ಬರೆಯೋಣ?



ಸೌದಿಯಲ್ಲಿ ಅಕೌಂಟೆಂಟ್ ಆಗಿರುವ ನಮ್ಮ ಹುಡುಗರ ಇಕಾಮದಲ್ಲಿ ಹುದ್ದೆಯ ಜಾಗದಲ್ಲಿ ಮುಹಾಸಿಬ್ ಎಂಬ ಅರಬಿ ಪದ ಇರುತ್ತದೆ. ಲೆಕ್ಕ ನೋಡುವವನು ಎಂದರ್ಥ. ಅದೇ ಮೂಲದ ಇನ್ನೊಂದು ಪದವನ್ನು ನಾವೆಲ್ಲ ಮದ್ರಸದಲ್ಲಿ, ರಮಝಾನಿನ ಪ್ರವಚನಗಳಲ್ಲಿ ಕೇಳಿದ್ದೇವೆ: ಮುಹಾಸಬ. ಅಂದರೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು. ಬಗ್ದಾದಿನಲ್ಲಿ ಬದುಕಿ ಕ್ರಿ.ಶ. 857ರಲ್ಲಿ ತೀರಿಕೊಂಡ ಅಲ್ ಹಾರಿಸ್ ಅಲ್ ಮುಹಾಸಿಬಿ ಎಂಬ ವಿದ್ವಾಂಸರಿಗೆ ಆ ಹೆಸರು ಬಂದದ್ದೇ ಈ ಅಭ್ಯಾಸದಿಂದ. ಇಮಾಂ ಗಝಾಲಿಯವರು ತಮ್ಮ ಇಹ್ಯಾ ಗ್ರಂಥದ ಒಂದು ಭಾಗವನ್ನೇ ಇದಕ್ಕೆ ಮೀಸಲಿಟ್ಟರು. ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಟೆನ್ಶನ್ ಬಗ್ಗೆ. ಮುಹಾಸಬ ಬಿಟ್ಟು ಅದಕ್ಕೆ ಬೇರೆ ಒಳ್ಳೆಯ ದಾರಿ ನಮಗೆ ಕಂಡಿಲ್ಲ. ಅದಕ್ಕೇ ಅಲ್ಲಿಂದ ಶುರು ಮಾಡಿದ್ದೇವೆ.

ನಾವು ಇರುವುದು ಷಿಕಾಗೋದ ಪಶ್ಚಿಮಕ್ಕೆ ಸುಮಾರು ಇಪ್ಪತ್ತು ಮೈಲಿ ದೂರದ ಡೌನರ್ಸ್ ಗ್ರೋವ್‌ನಲ್ಲಿ. ಇಲ್ಲಿ ಬ್ಯಾರಿ ಮನೆಗಳು ಬೆರಳಲ್ಲಿ ಎಣಿಸುವಷ್ಟೇ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಮಗ್ರಿಬ್ ಆಗಿಬಿಡುತ್ತದೆ. ಆಫೀಸಿಂದ ಹೊರಡುವಾಗ ಕತ್ತಲೆ, ಹಿಮ. ಊರಿಗೂ ಇಲ್ಲಿಗೂ ಆಗ ಹನ್ನೊಂದೂವರೆ ಗಂಟೆಯ ವ್ಯತ್ಯಾಸ. ಊರಲ್ಲಿ ಉಮ್ಮ ಸುಬಹಿ ಮುಗಿಸಿ ಫೋನ್ ಮಾಡಿದರೆ ಇಲ್ಲಿ ಇನ್ನೂ ಹಿಂದಿನ ದಿನದ ಸಂಜೆ. ಡೆಟ್ರಾಯ್ಟ್ ಕಡೆಯ ಕಾರು ಕಂಪೆನಿಗಳಲ್ಲಿ ದುಡಿಯುವವರೂ, ಜುಬೈಲಿನ ಕ್ಯಾಂಪಿನಲ್ಲಿರುವವರೂ, ದೇರಾದ ರೂಮಿನಲ್ಲಿ ಆರು ಜನರೊಂದಿಗೆ ಮಲಗುವವರೂ ನಮ್ಮ ಓದುಗರೇ. ಇವರ ಸಂಬಳದಲ್ಲಿ ಅಜಗಜಾಂತರ ಉಂಟು. ಆದರೆ ಫೋನಿನಲ್ಲಿ ಬರುವ ಮಾತು ಮಾತ್ರ ಎಲ್ಲ ಕಡೆಯಿಂದಲೂ ಒಂದೇ: "ಎಂತ ಮಾಡೂದು ಮಾರಾಯ್ರೆ, ಒಟ್ಟು ಟೆನ್ಶನ್."

ಈ ಟೆನ್ಶನ್ ಎಂಬ ಒಂದೇ ಪದದ ಒಳಗೆ ನಾವು ಎಷ್ಟನ್ನೋ ತುಂಬಿಸಿಟ್ಟಿದ್ದೇವೆ. ಮ್ಯಾನೇಜರನ ಮಾತು, ತಡವಾದ ಸಂಬಳ, ಇಕಾಮ ನವೀಕರಣ, ವೀಸಾದ ದಿನಾಂಕ, ಊರಿನ ಮನೆಯ ಸ್ಲ್ಯಾಬಿಗೆ ಸಾಲದ ಸಿಮೆಂಟು, ತಂಗಿಯ ಮದುವೆ, ಮಗನ ಅಂಕ, ಉಪ್ಪನ ಡಯಾಲಿಸಿಸ್, ಜಮಾಅತಿನ ಚಂದಾ. ಲೆಕ್ಕದ ಪುಸ್ತಕದಲ್ಲಿ ಯಾರಾದರೂ ಎಲ್ಲ ಖರ್ಚನ್ನೂ 'ಇತರೆ' ಎಂಬ ಒಂದೇ ಶೀರ್ಷಿಕೆಯಡಿ ಬರೆದರೆ ಆ ಅಂಗಡಿ ಎಲ್ಲಿ ಸೋರುತ್ತಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮನಸ್ಸಿನ ಪುಸ್ತಕದಲ್ಲಿಯೂ ಆಗುತ್ತಿರುವುದು ಅದೇ.

ಇದಕ್ಕೆ ನಮ್ಮಲ್ಲಿ ಸಿಗುವ ಸಲಹೆ ಎರಡೇ. ಒಂದು, "ಸಬ್ರ್ ಮಾಡು." ಇನ್ನೊಂದು, "ಬಿಟ್ಟು ಊರಿಗೆ ಬಾ." ಎರಡನ್ನೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಯಾವುದಕ್ಕೆ ಸಬ್ರ್, ಯಾವುದಕ್ಕೆ ಹೋರಾಟ, ಯಾವುದಕ್ಕೆ ಊರಿನ ಟಿಕೆಟು ಎಂದು ವಿಂಗಡಿಸಿ ಕೊಡುವವರು ಕಡಿಮೆ.

ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಾಝರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಒತ್ತಡದ ಬಗ್ಗೆ ಒಂದು ಪುಸ್ತಕ ಬರೆದರು. ಘಟನೆಯೊಂದೇ ಒತ್ತಡವನ್ನು ಹುಟ್ಟಿಸುವುದಿಲ್ಲ ಎನ್ನುವುದು ಅದರ ತಿರುಳು. ಆ ಘಟನೆಯಿಂದ ನನಗೆ ಮುಖ್ಯವಾದ ಯಾವುದಕ್ಕೆ ಪೆಟ್ಟು ಬೀಳುತ್ತದೆ, ಅದನ್ನು ಎದುರಿಸುವ ಶಕ್ತಿ ನನ್ನಲ್ಲಿ ಉಂಟೋ ಇಲ್ಲವೋ ಎಂದು ಮನಸ್ಸು ಹಾಕುವ ಅಂದಾಜಿನಲ್ಲಿ ಒತ್ತಡ ಇರುತ್ತದೆ. ಇವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆಯೂ ಒಂದೇ ಗ್ರಂಥದಲ್ಲಿ ಬರೆದರು. ಅವರು ತೀರಿಕೊಂಡದ್ದು ಕ್ರಿ.ಶ. 934ರಲ್ಲಿ. ಸಿಟ್ಟು, ಭಯ, ದುಃಖಗಳಿಗೆ ಅವರು ಹೇಳಿದ ಉಪಾಯ ತುಂಬ ಸರಳ. ತುರ್ತಿಗೆ ಬೇಕೆಂದು ಮನೆಯಲ್ಲಿ ಮೊದಲೇ ಔಷಧಿ ತಂದಿಡುವ ಹಾಗೆ, ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಕೂಡಿಸಿಟ್ಟುಕೊಳ್ಳಬೇಕು. ಕಷ್ಟ ಬಂದಾಗ ತೆಗೆದು ಬಳಸಬೇಕು. ಜ್ವರ ಬಂದ ಮೇಲೆ ರಾತ್ರಿ ಎರಡು ಗಂಟೆಗೆ ಮೆಡಿಕಲ್ ಶಾಪ್ ಹುಡುಕಿಕೊಂಡು ಹೋಗುವುದಲ್ಲ.

ಘಟನೆಯನ್ನು ಬೇರೆ ಕಡೆಯಿಂದ ನೋಡುವುದು ಎಂದರೆ ಏನು? ಇಲ್ಲಿ ನಮ್ಮ ವೃತ್ತಿಯ ಒಂದು ನಿಯಮ ಉಪಯೋಗಕ್ಕೆ ಬರುತ್ತದೆ. ಲೆಕ್ಕದಲ್ಲಿ ಒಂದು ಮೊತ್ತವನ್ನು ತಪ್ಪು ಶೀರ್ಷಿಕೆಯಿಂದ ಸರಿಯಾದ ಶೀರ್ಷಿಕೆಗೆ ವರ್ಗಾಯಿಸಬಹುದು. ಆದರೆ ಮೊತ್ತವನ್ನು ತಿದ್ದುವ ಹಾಗಿಲ್ಲ. ತಿದ್ದಿದರೆ ಅದು ಕಳ್ಳಲೆಕ್ಕ. ಮನಸ್ಸಿನ ಲೆಕ್ಕಕ್ಕೂ ಇದೇ ನಿಯಮ. "ನನಗೇನೂ ಬೇಜಾರಿಲ್ಲ, ಎಲ್ಲ ಸರಿ ಉಂಟು" ಎಂದು ಹೇಳಿಕೊಳ್ಳುವುದು ಮೊತ್ತವನ್ನು ತಿದ್ದಿದ ಹಾಗೆ. ಬೇಜಾರು ಇದ್ದಷ್ಟು ಇದ್ದೇ ಇದೆ, ಅದನ್ನು ಒಪ್ಪಿಕೊಳ್ಳೋಣ. ಅದು ಯಾವ ಲೆಕ್ಕಕ್ಕೆ ಸೇರಬೇಕು ಎನ್ನುವುದೇ ಪ್ರಶ್ನೆ.

ಒಂದು ಉದಾಹರಣೆ ನೋಡಿ. ತಿಂಗಳ ಕೊನೆಗೆ ಊರಿಂದ ಫೋನ್ ಬರುತ್ತದೆ: ಮಿಕ್ಸಿ ಕೆಟ್ಟಿದೆ, ಶಾಲೆಯ ವ್ಯಾನಿನ ಬಾಡಿಗೆ ಕಟ್ಟಬೇಕು, ಸಂಬಂಧಿಕರ ಮನೆಯ ಮದುವೆಗೆ ಉಡುಗೊರೆ ಕೊಡಬೇಕು. "ನನ್ನನ್ನು ಇವರು ಎಟಿಎಂ ಅಂದುಕೊಂಡಿದ್ದಾರೆ" ಎಂದು ನಮಗೆ ಅನ್ನಿಸುತ್ತದೆ. ಆ ಖರ್ಚನ್ನು ನಾವು ಅವಮಾನದ ಶೀರ್ಷಿಕೆಯಡಿ ಬರೆದುಬಿಟ್ಟೆವು. ಅದೇ ಫೋನನ್ನು ಆ ಕಡೆಯಿಂದ ನೋಡಿದರೆ, ಮನೆಯ ಎಲ್ಲ ಚಿಂತೆಯನ್ನೂ ಒಬ್ಬಳೇ ಹೊತ್ತು, ಕೇಳಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿ, ಕೊನೆಗೆ ನಂಬಿಕೆಯಿಂದ ಕೇಳಿದ ಹೆಂಡತಿ ಕಾಣಬಹುದು. ಮೊತ್ತ ಅಷ್ಟೇ ಇದ್ದರೂ ಶೀರ್ಷಿಕೆ ಬದಲಾಯಿತು. ಆಮೇಲೆ "ತಿಂಗಳಿಗೆ ಇಷ್ಟು, ಅದಕ್ಕಿಂತ ಹೆಚ್ಚಾದರೆ ಇಬ್ಬರೂ ಮಾತಾಡಿ ತೀರ್ಮಾನಿಸೋಣ" ಎಂದು ಗೆರೆ ಎಳೆಯುವುದೂ ಸುಲಭವಾಗುತ್ತದೆ. ಸಿಟ್ಟಿನಲ್ಲಿ ಎಳೆದ ಗೆರೆ ಜಗಳವಾಗುತ್ತದೆ. ಸಿಟ್ಟಿಳಿದ ಮೇಲೆ ಎಳೆದದ್ದನ್ನು ಮನೆಯವರೂ ಒಪ್ಪಿಕೊಳ್ಳುತ್ತಾರೆ.

ಆದರೆ ಒಂದು ಮಾತನ್ನು ಇಲ್ಲಿ ಒತ್ತಿ ಹೇಳಲೇಬೇಕು. ನೋಟ ಬದಲಿಸುವ ಈ ಔಷಧಿ ಅನ್ಯಾಯಕ್ಕಲ್ಲ. ನಾಲ್ಕು ತಿಂಗಳ ಸಂಬಳ ಕೊಡದ ಮಾಲೀಕನನ್ನು ಬೇರೆ ಕಡೆಯಿಂದ ನೋಡಬೇಕಾದ ಅಗತ್ಯ ಇಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡವನ ವಿಷಯದಲ್ಲಿ ಸುಮ್ಮನಿರುವುದು ಸಬ್ರ್ ಅಲ್ಲ. ಅಲ್ಲಿ ಬೇಕಾದದ್ದು ದಾಖಲೆ ಮತ್ತು ದೂರು. ಯುಎಇಯಲ್ಲಿ 2009ರಿಂದಲೂ, ಸೌದಿಯಲ್ಲಿ 2013ರಿಂದಲೂ ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡಿಸಿ ಮೇಲ್ವಿಚಾರಣೆ ಮಾಡುವ ವೇತನ ಸಂರಕ್ಷಣಾ ವ್ಯವಸ್ಥೆ ಬಂದಿದೆ. ಭಾರತದ ವಿದೇಶಾಂಗ ಸಚಿವಾಲಯ ವಿದೇಶದಲ್ಲಿರುವವರ ದೂರುಗಳಿಗೆಂದೇ 2015ರಲ್ಲಿ 'ಮದದ್' ಪೋರ್ಟಲ್ ಆರಂಭಿಸಿದೆ. ಅಮೆರಿಕದಲ್ಲಿಯೂ ಅಷ್ಟೇ. ಎಚ್-1ಬಿ ನೌಕರನಿಗೆ ಪ್ರಾಜೆಕ್ಟ್ ಇಲ್ಲವೆಂದು ಸಂಬಳ ಕೊಡದೆ ಕೂರಿಸುವುದು ಕಾನೂನಿಗೆ ವಿರುದ್ಧ; ಕಾರ್ಮಿಕ ಇಲಾಖೆಯ ವೇಜ್ ಆ್ಯಂಡ್ ಅವರ್ ವಿಭಾಗಕ್ಕೆ ದೂರು ಕೊಡಬಹುದು. ಒಂಟೆಯನ್ನು ಕಟ್ಟಿಹಾಕಿದ ಮೇಲೆಯೇ ತವಕ್ಕುಲ್ ಎಂಬುದನ್ನು ನಾವು ಚಿಕ್ಕವರಿದ್ದಾಗಲೇ ಕಲಿತಿದ್ದೇವೆ. ಒಪ್ಪಂದದ ಪ್ರತಿ, ಸಂಬಳದ ಸ್ಲಿಪ್, ವಾಟ್ಸಾಪ್ ಸಂದೇಶ, ಇವೆಲ್ಲ ನಮ್ಮ ಒಂಟೆಯ ಹಗ್ಗಗಳು. ಜೋಪಾನವಾಗಿಡಿ.

ಹಾಗೆಯೇ ಈ ಔಷಧಿ ದುಃಖಕ್ಕೂ ಅಲ್ಲ. ಉಪ್ಪ ತೀರಿಕೊಂಡ ಸುದ್ದಿ ಬಂದು, ವೀಸಾದ ತೊಡಕಿನಿಂದಲೋ ಟಿಕೆಟ್ ಸಿಗದೆಯೋ ದಫನಿಗೆ ಮುಟ್ಟಲಾಗದವನಿಗೆ "ಇದರಲ್ಲೂ ಒಳ್ಳೆಯದನ್ನು ನೋಡು" ಎಂದು ಹೇಳಲು ಹೋಗಬೇಡಿ. ಯಾಕೂಬ್ ನಬಿಯವರು ಮಗನಿಗಾಗಿ ಅತ್ತು ಅತ್ತು ಕಣ್ಣು ಬೆಳ್ಳಗಾದವರು. ಅವರನ್ನು ಸಬ್ರ್ ಇಲ್ಲದವರು ಎಂದು ಯಾರೂ ಹೇಳಿಲ್ಲ. ನಮ್ಮ ಶಾಫಿಈ ಮಝ್‌ಹಬಿನಲ್ಲಿ ದೂರದಲ್ಲಿದ್ದುಕೊಂಡೇ ಮಯ್ಯಿತ್ ನಮಾಝ್ ಮಾಡಲು ಅವಕಾಶ ಉಂಟು. ಹತ್ತು ಜನ ಸೇರಿ ಆ ನಮಾಝ್ ಮಾಡಿ, ಅವನ ರೂಮಿನಲ್ಲಿ ಸುಮ್ಮನೆ ಕೂತರೆ ಅದೇ ದೊಡ್ಡ ಸಾಂತ್ವನ.

ಇನ್ನು ಉಳಿದದ್ದು ನಡುವಿನ ದೊಡ್ಡ ರಾಶಿ. ಅದು ಅನ್ಯಾಯವೂ ಅಲ್ಲ, ಮರಣವೂ ಅಲ್ಲ. ಆದರೆ ನಮ್ಮ ಕೈಯಲ್ಲಿ ಇಲ್ಲದ್ದು. ಗ್ರೀನ್ ಕಾರ್ಡಿನ ಸರತಿ ಇದಕ್ಕೆ ಒಳ್ಳೆಯ ಉದಾಹರಣೆ. 1990ರ ಕಾಯ್ದೆಯ ಪ್ರಕಾರ ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಸಿಗುತ್ತದೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ರ ಮಿತಿ ಉಂಟು. ಭಾರತದ ಅರ್ಜಿಗಳ ಸಂಖ್ಯೆಗೆ ಈ ಮಿತಿ ಎಲ್ಲಿ ಸಾಕಾಗುತ್ತದೆ? ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಮಕ್ಕಳಿಗೆ 21 ತುಂಬಿದರೆ ತಂದೆಯ ವೀಸಾದ ನೆರಳು ತಪ್ಪುತ್ತದೆ. ಇಲ್ಲಿನ ಎಷ್ಟೋ ಮನೆಗಳು ಪ್ರತಿ ತಿಂಗಳು ವೀಸಾ ಬುಲೆಟಿನ್ ನೋಡಿ ಉಸಿರು ಬಿಡುತ್ತವೆ. ಆ ಬುಲೆಟಿನ್ ನಮ್ಮ ಕೈಯಲ್ಲಿಲ್ಲ. "ಕಾರ್ಡ್ ಸಿಕ್ಕ ಮೇಲೆ ಬದುಕು ಶುರು" ಎಂಬ ಯೋಚನೆ ಮಾತ್ರ ನಮ್ಮದೇ, ಅದನ್ನು ಬದಲಿಸಬಹುದು. ಕಾಯುವ ಈ ವರ್ಷಗಳಲ್ಲೇ ಮಕ್ಕಳು ದೊಡ್ಡವರಾಗುತ್ತಿದ್ದಾರೆ, ಊರಲ್ಲಿ ಉಮ್ಮನಿಗೆ ವಯಸ್ಸಾಗುತ್ತಿದೆ.

ಇಷ್ಟಾದರೂ ಒಂದು ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಈ ವಿಂಗಡಣೆ ಕೈಕೊಡುತ್ತದೆ. ನಾವು ಬಂದದ್ದು ಯಾಕೆ? ಇಮಾಂ ಬುಖಾರಿಯವರು ತಮ್ಮ ಸಂಗ್ರಹದ ಮೊತ್ತಮೊದಲ ಹದೀಸ್ ಆಗಿ ಇಟ್ಟದ್ದು ನಿಯ್ಯತ್ತಿನದು. ಅದು ಹಿಜ್‌ರಾದ ಬಗ್ಗೆ, ಅಂದರೆ ಊರು ಬಿಟ್ಟು ಹೊರಡುವವನ ನಿಯ್ಯತ್ತಿನ ಬಗ್ಗೆಯೂ ಹೇಳುತ್ತದೆ ಎನ್ನುವುದನ್ನು ಊರು ಬಿಟ್ಟು ಬಂದ ನಾವು ಗಮನಿಸಬೇಕು. ಬಜ್ಪೆಯಲ್ಲಿ ವಿಮಾನ ಹತ್ತುವಾಗ ಎಲ್ಲರಿಗೂ ಒಂದು ನಿಯ್ಯತ್ ಇತ್ತು. ಐದು ವರ್ಷ, ಒಂದು ಮನೆ, ಇಬ್ಬರು ತಂಗಿಯರ ಮದುವೆ, ಆಮೇಲೆ ವಾಪಸ್. ಐದು ಹತ್ತಾಯಿತು, ಹತ್ತು ಇಪ್ಪತ್ತೈದಾಯಿತು. ತಂಗಿಯರ ಮದುವೆಯ ನಂತರ ಮಗಳ ಮದುವೆ ಬಂತು. ಒಂದಂತಸ್ತಿನ ಮನೆಯ ಎದುರು ಯಾರದೋ ಎರಡಂತಸ್ತು ಎದ್ದು ನಿಂತಿತು, ನಮಗೂ ಅದೇ ಬೇಕಾಯಿತು. ಗುರಿ ಬದಲಾಗುವುದು ತಪ್ಪಲ್ಲ. ಆದರೆ ನಾವು ಕುಳಿತು ಯೋಚಿಸಿ ಬದಲಿಸಿದ್ದಲ್ಲ, ತಾನಾಗಿ ಜಾರಿದ್ದು. ಮುಟ್ಟಬೇಕಾದ ಜಾಗ ದಿನವೂ ಮುಂದಕ್ಕೆ ಹೋಗುತ್ತಿದ್ದರೆ ನಡೆಯುವವನಿಗೆ ದಣಿವಾಗದೆ ಇರುತ್ತದೆಯೇ?

ಸ್ಪಷ್ಟ ನಿಯ್ಯತ್ ಏನು ಮಾಡುತ್ತದೆ ಎನ್ನುವುದಕ್ಕೆ ಸೌದಿಯ ಒಂದು ಉದಾಹರಣೆ ಸಾಕು. 2017ರ ಜುಲೈಯಿಂದ ಅಲ್ಲಿ ಅವಲಂಬಿತರ ಮೇಲೆ ಶುಲ್ಕ ಬಂತು. ತಲೆಗೆ ತಿಂಗಳಿಗೆ 100 ರಿಯಾಲ್‌ನಿಂದ ಶುರುವಾಗಿ, ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ, ಮೂವರು ಮಕ್ಕಳಿದ್ದವನಿಗೆ ವರ್ಷಕ್ಕೆ 19,200 ರಿಯಾಲ್. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳು ಆಗ ಊರಿಗೆ ಮರಳಿದವು. ಇಬ್ಬರು ನೆರೆಯವರನ್ನು ಊಹಿಸಿಕೊಳ್ಳಿ. ಒಬ್ಬನಿಗೆ ಮಕ್ಕಳು ತನ್ನ ಕಣ್ಣೆದುರು ಬೆಳೆಯುವುದೇ ಎಲ್ಲಕ್ಕಿಂತ ದೊಡ್ಡದು. ಅವನು ಊರಿನ ಮನೆಯ ಕೆಲಸ ನಿಲ್ಲಿಸಿ ಶುಲ್ಕ ಕಟ್ಟಿದ. ಇನ್ನೊಬ್ಬನಿಗೆ ವಯಸ್ಸಾದ ಉಮ್ಮನ ಪಕ್ಕ ಮನೆಯವರು ಯಾರಾದರೂ ಇರಬೇಕು, ಮಕ್ಕಳು ಊರಿನ ಶಾಲೆಯಲ್ಲಿ ಓದಬೇಕು. ಅವನು ಕುಟುಂಬವನ್ನು ಕಳಿಸಿದ. ಶುಲ್ಕ ಒಂದೇ ಇದ್ದರೂ ತೀರ್ಮಾನ ಬೇರೆ ಬೇರೆ. ಇಬ್ಬರದ್ದೂ ಸರಿಯೇ. ಇಬ್ಬರಿಗೂ ನೋವು ಆಗಿರುತ್ತದೆ, ಆದರೆ ನೋವು ಯಾವುದಕ್ಕಾಗಿ ಎಂಬುದು ಗೊತ್ತಿರುತ್ತದೆ. ಕಷ್ಟ ಮೂರನೆಯವನದು. ತನಗೆ ಮುಖ್ಯ ಯಾವುದು ಎಂದು ತಿಳಿಯದೆ, ಕಳಿಸಿದರೂ ಕೊರಗಿ, ಇಟ್ಟುಕೊಂಡರೂ ಕೊರಗಿ, ಎರಡೂ ಕಡೆ ಬಡ್ಡಿ ಕಟ್ಟಿದವನು.

ಅಮೆರಿಕದಲ್ಲಿಯೂ 2025ರ ಸೆಪ್ಟೆಂಬರ್ 19ರ ಶುಕ್ರವಾರ ಅಂಥದೇ ಒಂದು ದಿನ ಬಂತು. ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆಗೆ ಅಧ್ಯಕ್ಷರ ಸಹಿ ಬಿತ್ತು. ರಜೆಗೆ ಊರಿಗೆ ಹೋದವರು ಅರ್ಧದಲ್ಲೇ ಟಿಕೆಟ್ ಹುಡುಕಿ ಓಡಿದರು. ಹೊರಟು ನಿಂತವರು ವಿಮಾನದಿಂದ ಇಳಿದರು. ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಎಂಬ ಸ್ಪಷ್ಟನೆ ಮರುದಿನ ಬಂತು. ಆ ಒಂದು ರಾತ್ರಿಯ ಭಯ ನಿಜ. ಹೆದರಿದವರನ್ನು ನಾವು ದೂರುವುದಿಲ್ಲ. ಆದರೆ "ಇಲ್ಲಿಂದ ಹೋಗಬೇಕಾಗಿ ಬಂದರೆ ನಾವು ಏನು ಮಾಡುತ್ತೇವೆ, ಯಾವುದನ್ನು ಮಾತ್ರ ಬಿಡುವುದಿಲ್ಲ" ಎಂದು ಮೊದಲೇ ಕೂತು ಮಾತಾಡಿಕೊಂಡ ಮನೆಗೆ ಆ ರಾತ್ರಿ ಸ್ವಲ್ಪವಾದರೂ ಹಗುರವಾಗಿರುತ್ತದೆ. ಬಲ್ಖಿಯವರ ಔಷಧಿ ಪೆಟ್ಟಿಗೆ ಎಂದರೆ ಇದೇ.

ಈ ಮಾತನ್ನು ಗಂಡಸರಿಗೆ ಮಾತ್ರ ಹೇಳುತ್ತಿಲ್ಲ. ಉಳ್ಳಾಲ, ಬಂಟ್ವಾಳ, ಪುತ್ತೂರಿನ ಮನೆಗಳಲ್ಲಿ ಈ ಪತ್ರಿಕೆ ಓದುವ ನಮ್ಮ ಸಹೋದರಿಯರ ಟೆನ್ಶನ್ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಬ್ಯಾಂಕಿಗೆ ಓಡುವುದು, ಮೇಸ್ತ್ರಿಯೊಡನೆ ಚೌಕಾಸಿ, ಅತ್ತೆಯ ಆಸ್ಪತ್ರೆ, ಮಗನ ಮೊಬೈಲ್ ಹುಚ್ಚು, ಇದರ ಮೇಲೆ "ನಿನಗೇನು ಕಮ್ಮಿ, ಗಂಡ ಫಾರಿನ್‌ನಲ್ಲಿ" ಎನ್ನುವವರ ಬಾಯಿ. ಅವನು ಎರಡನೆಯ ಅಂತಸ್ತಿಗಾಗಿ ಇನ್ನೂ ನಾಲ್ಕು ವರ್ಷ ದುಡಿಯುತ್ತಾನೆ. ಅವಳಿಗೆ ಬೇಕಾದದ್ದು ಆ ನಾಲ್ಕು ವರ್ಷವೇ ಹೊರತು ಅಂತಸ್ತಲ್ಲ. ಇಬ್ಬರೂ ಒಬ್ಬರಿಗಾಗಿ ಒಬ್ಬರು ತ್ಯಾಗ ಮಾಡುತ್ತಿದ್ದಾರೆ, ಆದರೆ ಆ ತ್ಯಾಗ ಇಬ್ಬರಿಗೂ ಬೇಕಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಇಪ್ಪತ್ತು ವರ್ಷ ದಿನವೂ ಫೋನಿನಲ್ಲಿ ಮಾತಾಡಿಯೂ ಕೇಳದೆ ಉಳಿದ ಪ್ರಶ್ನೆ ಇದು.

ಹಾಗಾಗಿ ಓದುಗರಲ್ಲಿ ನಮ್ಮದೊಂದು ಬೇಡಿಕೆ. ಈ ವಾರ ಒಂದು ರಾತ್ರಿ, ಇಶಾ ಆದ ಮೇಲೆ, ಫೋನನ್ನು ಬದಿಗಿಟ್ಟು ಅರ್ಧ ಗಂಟೆ ಕೂರಿ. ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ಮೂರು ಸಾಲು ಬರೆಯಿರಿ: ನನಗೆ ಎಲ್ಲಕ್ಕಿಂತ ಮುಖ್ಯವಾದ ಮೂರು ವಿಷಯ. ಜನ ಮೆಚ್ಚುವ ಉತ್ತರ ಬೇಡ, ನಿಮ್ಮದೇ ಉತ್ತರ ಬರೆಯಿರಿ. "ಉಮ್ಮನ ಕೊನೆಗಾಲದಲ್ಲಿ ಪಕ್ಕದಲ್ಲಿರಬೇಕು" ಎಂದೋ "ಸಾಲವಿಲ್ಲದೆ ಮಲಗಬೇಕು" ಎಂದೋ "ಮಗಳು ಅವಳಿಗೆ ಬೇಕಾದಷ್ಟು ಓದಬೇಕು" ಎಂದೋ. ಕೆಳಗೆ ಈ ತಿಂಗಳು ನಿಮ್ಮನ್ನು ಕಾಡಿದ ಸಂಗತಿಗಳನ್ನು ಒಂದೊಂದಾಗಿ ಇಳಿಸಿ. ಪ್ರತಿಯೊಂದರ ಮುಂದೆ ಕೇಳಿಕೊಳ್ಳಿ: ಇದು ಅನ್ಯಾಯವೇ? ಹಾಗಾದರೆ ಯಾರಿಗೆ, ಯಾವ ದಿನ ದೂರು? ನಾನೇ ಸರಿಪಡಿಸಬಹುದಾದದ್ದೇ? ಹಾಗಾದರೆ ಮೊದಲ ಹೆಜ್ಜೆ ಏನು? ಎರಡೂ ಅಲ್ಲದಿದ್ದರೆ, ಮೇಲೆ ಬರೆದ ಮೂರರಲ್ಲಿ ಯಾವುದಕ್ಕಾಗಿ ನಾನು ಇದನ್ನು ಹೊರುತ್ತಿದ್ದೇನೆ? ಮೂರರಲ್ಲಿ ಯಾವುದಕ್ಕೂ ಅಲ್ಲ ಎಂದಾದರೆ, ಅದನ್ನು ಕೆಳಗಿಡುವ ಸಮಯ ಬಂದಿದೆ.

ಊರಲ್ಲಿರುವ ಸಂಗಾತಿಯೂ ತಮ್ಮ ಹಾಳೆಯನ್ನು ಬೇರೆಯಾಗಿ ಬರೆಯಲಿ. ಆಮೇಲೆ ಹಾಳೆಗಳ ಫೋಟೋ ತೆಗೆದು ಒಬ್ಬರಿಗೊಬ್ಬರು ಕಳಿಸಿ. ಎರಡು ಹಾಳೆ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ಎಷ್ಟು ವ್ಯತ್ಯಾಸ ಉಂಟೆಂದು ಗೊತ್ತಾದ ಮೇಲೆಯೇ ಲೆಕ್ಕ ಸರಿ ಮಾಡಲು ಸಾಧ್ಯ. ವರ್ಷಕ್ಕೊಮ್ಮೆ, ಝಕಾತಿನ ಲೆಕ್ಕ ನೋಡುವ ದಿನವೇ, ಈ ಹಾಳೆಯನ್ನೂ ತೆಗೆದು ನೋಡುವ ಅಭ್ಯಾಸ ಇಟ್ಟುಕೊಂಡರೆ ಮರೆತುಹೋಗುವುದಿಲ್ಲ.

ಕೆಲವರಿಗೆ ಹಾಳೆ, ಲೆಕ್ಕ ಯಾವುದೂ ಸಾಕಾಗುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕಿದ್ದು ಏನು ಪ್ರಯೋಜನ ಎಂಬ ಯೋಚನೆ ಬಂದರೆ ಅದು ಕಾಯಿಲೆ. ಅದಕ್ಕೆ ಡಾಕ್ಟರು ಬೇಕು. ಈಮಾನ್ ಕಡಿಮೆಯಾಯಿತೆಂದು ಯಾರೂ ಯಾರನ್ನೂ ಹಂಗಿಸಬಾರದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವನನ್ನು ನಾವು ಹಂಗಿಸುತ್ತೇವೆಯೇ? ಅಮೆರಿಕದಲ್ಲಿ 988ಕ್ಕೆ, ಭಾರತದಲ್ಲಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು. 14416ರಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಪಕ್ಕದ ಮಂಚದವನು ಮಾತು ಬಿಟ್ಟು ಗೋಡೆ ಕಡೆ ತಿರುಗಿ ಮಲಗುತ್ತಿದ್ದಾನೆ ಎಂದರೆ ಒಂದು ಚಹಾ ಮಾಡಿ ಕೊಟ್ಟು ಕೇಳಿ, "ಎಂತ ವಿಷಯ?" ಜುಮಾ ಮುಗಿದ ಮೇಲೆ ಸಂಘದ ಸದಸ್ಯರು ಮಾಡಬಹುದಾದ ದೊಡ್ಡ ಸೇವೆಗಳಲ್ಲಿ ಇದೂ ಒಂದು.

ನಮ್ಮ ದುಡಿಮೆಯನ್ನೂ, ಅದರ ಹಿಂದಿನ ನಿಯ್ಯತ್ತನ್ನೂ ಅಲ್ಲಾಹನು ಸ್ವೀಕರಿಸಲಿ. ಊರಲ್ಲಿರುವವರಿಗೂ ಹೊರಗಿರುವವರಿಗೂ ಮನಸ್ಸಿನ ನೆಮ್ಮದಿ ಕೊಡಲಿ. ಆಮೀನ್.